ಹತ್ತೊಂಬತ್ತು ಎಸೆತಗಳಲ್ಲಿ ಒಂದು

ಸಕಲೇಶಪುರದ ಕಡೆಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು, ಹೆಸರು ಅಚ್ಚಾಗುವುದು ಬೇಡವೆಂಬ ಷರತ್ತಿನೊಡನೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅಮೆರಿಕದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ಅವರಿಗೆ ಬರೀ ಹೊಗಳಿಕೆಯಾಗಿ ಕಂಡಿದೆ. ನಸುಕಿನ ನಾಲ್ಕೂವರೆಗೆ ಎದ್ದು ಮೊಮ್ಮಗಳ ಮೊಬೈಲಿನಲ್ಲಿ ಪಂದ್ಯ ನೋಡುವ ಅವರು 2024ರ ಫೈನಲ್ ಸರಣಿಯ ಕೊನೆಯ ಪಂದ್ಯವನ್ನೇ ಸಾಕ್ಷಿಗೆ ಕರೆದಿದ್ದಾರೆ. ನಲವತ್ತೈದು ನಿಮಿಷ ಆಡಿ ಗೆದ್ದವರು 67, ಸೋತವರು 62. ತಾರೆಯೆನಿಸಿಕೊಂಡ ಆಟಗಾರ್ತಿ ಎಸೆದ ಹತ್ತೊಂಬತ್ತರಲ್ಲಿ ಬುಟ್ಟಿಗೆ ಬಿದ್ದದ್ದು ಒಂದು. "ನನ್ನ ಕಾಲದ ಹೈಸ್ಕೂಲು ಹುಡುಗಿಯರು ಇದಕ್ಕಿಂತ ಚೆನ್ನಾಗಿ ಎಸೆಯುತ್ತಿದ್ದರು" ಎಂಬುದು ಅವರ ಮಾತು. ಕೋಚ್‌ಗಳು ಹಳೆಯ ಹೆಸರಿನ ಬಲದಿಂದ ಕುರ್ಚಿ ಹಿಡಿದವರು, ಟೈಮ್‌ಔಟಿನಲ್ಲಿ ಹಲಗೆಯ ಮೇಲೆ ಗೀಚುವುದಷ್ಟೇ ಅವರ ಕೆಲಸ, ಇಂಥ ಆಟವನ್ನು ನಮ್ಮ ಜಿಲ್ಲೆಯ ಹುಡುಗಿಯರಿಗೆ ಮಾದರಿಯೆಂದು ತೋರಿಸಬೇಡಿ ಎಂದೂ ಬರೆದಿದ್ದಾರೆ.

ಮಾನ್ಯರೇ, ತಾವು ಕೊಟ್ಟ ಅಂಕಿಗಳು ಸರಿಯಾಗಿಯೇ ಇವೆ. ಆ ದಿನ ನ್ಯೂಯಾರ್ಕ್ ಲಿಬರ್ಟಿಯ ಸಬ್ರಿನಾ ಅಯೊನೆಸ್ಕು ಹತ್ತೊಂಬತ್ತು ಎಸೆತಗಳಲ್ಲಿ ಒಂದನ್ನೇ ಬುಟ್ಟಿಗೆ ಹಾಕಿದ್ದು ದಾಖಲೆಯಲ್ಲಿದೆ. ಅದೇ ಸರಣಿಯ ಮೂರನೇ ಪಂದ್ಯವನ್ನು ಮೂರು ಅಂಕದ ಗೆರೆಗಿಂತ ಎಷ್ಟೋ ಹಿಂದೆ ನಿಂತು ಎಸೆದ ಒಂದು ಚೆಂಡಿನಿಂದ, ಗಡಿಯಾರದಲ್ಲಿ ಇನ್ನೇನು ಸಮಯ ಮುಗಿಯಿತು ಎನ್ನುವಾಗ, ಗೆದ್ದುಕೊಟ್ಟವರೂ ಅವರೇ. 2023ರ ಮೂರು ಅಂಕದ ಎಸೆತಗಳ ಸ್ಪರ್ಧೆಯಲ್ಲಿ 40ಕ್ಕೆ 37 ಅಂಕ ಗಳಿಸಿದವರೂ ಅವರೇ. ಅಂಥವರ ಕೈ ಒಂದೇ ರಾತ್ರಿಯಲ್ಲಿ ಎಸೆಯುವುದನ್ನು ಮರೆಯುವುದಿಲ್ಲ. ಎದುರಿಗಿದ್ದ ಮಿನ್ನೆಸೋಟ ಲಿಂಕ್ಸ್ ತಂಡ ಆಕೆಗೆ ನೆಮ್ಮದಿಯ ಎಸೆತವನ್ನೇ ಬಿಟ್ಟುಕೊಡಲಿಲ್ಲ ಎಂದು ಹೇಳುವುದು ಹೆಚ್ಚು ಸರಿ. ಐದನೇ ಪಂದ್ಯದ ಹೊತ್ತಿಗೆ ಎರಡೂ ತಂಡಗಳಿಗೆ ಪರಸ್ಪರರ ಪ್ರತಿಯೊಂದು ಆಟದ ಕ್ರಮವೂ ಬಾಯಿಪಾಠವಾಗಿತ್ತು. ಅಂಕ ಕಡಿಮೆಯಾದ ಮಾತ್ರಕ್ಕೆ ಆಟ ಕೆಟ್ಟಿತು ಎಂದಾದರೆ, ರಕ್ಷಣೆಯನ್ನು ಕಲಿಸುವವರೆಲ್ಲ ಕೆಟ್ಟ ಗುರುಗಳಾಗಬೇಕಾಗುತ್ತದೆ, ಮೂವತ್ತು ವರ್ಷ ಅಂಕಣದಲ್ಲೇ ಕಳೆದ ತಾವೂ ಸೇರಿದಂತೆ.

ಆ ಪಂದ್ಯ ತಿರುಗಿದ ಗಳಿಗೆಯನ್ನು ಇನ್ನೊಮ್ಮೆ ನೋಡಬೇಕೆಂದು ಕೋರುತ್ತೇವೆ. ನಿಗದಿತ ಸಮಯ 60-60ರಲ್ಲಿ ಮುಗಿದು ಹೆಚ್ಚುವರಿ ಐದು ನಿಮಿಷ ಶುರುವಾದೊಡನೆ ಲಿಬರ್ಟಿಯ ಲಿಯೋನಿ ಫೀಬಿಷ್ ಮೂರು ಅಂಕದ ಬುಟ್ಟಿ ಹಾಕಿದರು. ಬೆನ್ನಿಗೇ ನ್ಯಾರಾ ಸಬಾಲಿ ಚೆಂಡು ಕಸಿದು ಒಂಟಿಯಾಗಿ ಓಡಿ ಲೇ-ಅಪ್ (ಬುಟ್ಟಿಯ ಹತ್ತಿರದಿಂದ ಹಾಕುವ ಎಸೆತ) ಮುಗಿಸಿದರು. ಆ ಐದು ನಿಮಿಷದಲ್ಲಿ ಲಿಂಕ್ಸ್‌ಗೆ ದಕ್ಕಿದ್ದು ಎರಡೇ ಅಂಕ. ಈ ಇಬ್ಬರಲ್ಲಿ ಒಬ್ಬರೂ ಪೋಸ್ಟರಿನ ಮೇಲಿನ ಮುಖವಲ್ಲ. ಸಬಾಲಿ ಬೆಂಚಿನಿಂದ ಎದ್ದು ಬಂದವರು. ಫೀಬಿಷ್ ಅವರನ್ನು ಪ್ಲೇಆಫ್ ಆರಂಭದಲ್ಲಿ ಮೊದಲ ಐವರಿಗೆ ಸೇರಿಸಿ, ಲೀಗಿನಲ್ಲೇ ಹೆಸರಾದ ಪಾಸರ್ ಕೋರ್ಟ್ನಿ ವ್ಯಾಂಡರ್‌ಸ್ಲೂಟ್ ಅವರನ್ನು ಬೆಂಚಿಗೆ ಕಳಿಸಿದ್ದು ಕೋಚ್ ಸ್ಯಾಂಡಿ ಬ್ರಾಂಡೆಲ್ಲೊ. ಹಿರಿಯ ಆಟಗಾರ್ತಿಯ ಮುಖ ನೋಡಿಕೊಂಡು ಇಂಥ ತೀರ್ಮಾನ ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂಬುದು ತಾಲ್ಲೂಕು ಮಟ್ಟದ ತಂಡ ಆರಿಸಿದವರಿಗೂ ಗೊತ್ತು. ಹಲಗೆಯ ಮೇಲೆ ಗೀಚುವುದು ಕೋಚ್ ಕೆಲಸದಲ್ಲಿ ನಮ್ಮ ಕಣ್ಣಿಗೆ ಬೀಳುವ ಭಾಗ. ಇದು ಬೀಳದ ಭಾಗ. ಲೀಗಿನ ಇತಿಹಾಸದಲ್ಲೇ ಲಿಬರ್ಟಿಗೆ ಮೊದಲ ಪ್ರಶಸ್ತಿ ತಂದುಕೊಟ್ಟ ಈ ಬ್ರಾಂಡೆಲ್ಲೊ ಅವರನ್ನು ಮರುವರ್ಷವೇ ತಂಡ ಮನೆಗೆ ಕಳಿಸಿತು ಎಂಬುದನ್ನು ನೋಡಿದರೆ, ಅಲ್ಲಿ ಹೆಸರಿನ ಬಲದಿಂದ ಕುರ್ಚಿ ಉಳಿಯುತ್ತದೆಂದು ನಂಬುವುದು ಕಷ್ಟ.

ಹಳೆಯ ಹೆಸರಿನ ಮಾತು ಬಂದದ್ದರಿಂದ ಇನ್ನಷ್ಟು ಹೇಳಬೇಕು. ಲಿಂಕ್ಸ್ ತಂಡಕ್ಕೆ 2011, 2013, 2015, 2017ರಲ್ಲಿ ನಾಲ್ಕು ಪ್ರಶಸ್ತಿ ಗೆದ್ದುಕೊಟ್ಟ ಶೆರಿಲ್ ರೀವ್ ಈ ಲೀಗಿನಲ್ಲಿ ಆಟಗಾರ್ತಿಯಾಗಿ ಒಂದು ಪಂದ್ಯವನ್ನೂ ಆಡಿದವರಲ್ಲ. 2025ರಲ್ಲಿ ಹೊಸದಾಗಿ ಹುಟ್ಟಿದ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ತಂಡವನ್ನು ಮೊದಲ ವರ್ಷವೇ ಪ್ಲೇಆಫ್‌ಗೆ ಒಯ್ದು ವರ್ಷದ ಕೋಚ್ ಎನಿಸಿಕೊಂಡ ನಟಾಲಿ ನಕಾಸೆ ಐದಡಿ ಎರಡಂಗುಲದವರು. ಪುರುಷರ ಎನ್‌ಬಿಎ ತಂಡವೊಂದರಲ್ಲಿ ಪಂದ್ಯಗಳ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸಕ್ಕೆ ತರಬೇತಿಯ ಮಟ್ಟದಲ್ಲಿ ಸೇರಿ, ಅಲ್ಲಿಂದ ಮೇಲೆ ಬಂದವರು. ಲಾಸ್ ವೇಗಸ್ ಏಸಸ್‌ಗೆ 2022, 2023, 2025ರಲ್ಲಿ ಪ್ರಶಸ್ತಿ ಕೊಡಿಸಿದ ಬೆಕಿ ಹ್ಯಾಮನ್ ದೊಡ್ಡ ಆಟಗಾರ್ತಿಯಾಗಿದ್ದರು, ನಿಜ. ಆದರೆ ಆಟ ಬಿಟ್ಟ ಮೇಲೆ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಲ್ಲಿ ವರ್ಷಗಟ್ಟಲೆ ಸಹಾಯಕ ಕೋಚ್ ಆಗಿ ದುಡಿದ ಮೇಲೆಯೇ ಅವರು ಈ ಕುರ್ಚಿಗೆ ಬಂದದ್ದು.

ಇನ್ನು ತಾವು ಹೇಳಿದ್ದರಲ್ಲಿ ನಾವು ತಲೆಬಾಗುವ ಒಂದು ಮಾತಿದೆ. ಪಂದ್ಯದ ಕೊನೆಯ ಎರಡು ನಿಮಿಷಗಳಲ್ಲಿ ಒಬ್ಬಳ ಕೈಗೆ ಚೆಂಡು ಕೊಟ್ಟು ಉಳಿದ ನಾಲ್ವರು ಮೂಲೆ ಹಿಡಿದು ನಿಲ್ಲುವುದು, ಎಸೆಯಲು ಕೊಡುವ 24 ಸೆಕೆಂಡಿನ ಗಡಿಯಾರ ನಾಲ್ಕಕ್ಕೆ ಇಳಿದಾಗ ಗಡಿಬಿಡಿಯಿಂದ ಎಸೆಯುವುದು ಈ ಲೀಗಿನಲ್ಲಿ ನಿಜಕ್ಕೂ ಹೆಚ್ಚು. ಋತುವಿನ ಮೊದಲ ವಾರಗಳಲ್ಲಂತೂ ಪಾಸುಗಳು ಗೆರೆಯಾಚೆ ಹೋಗುವುದನ್ನು ನೋಡಿ ನಮಗೂ ಬೇಸರವಾಗಿದೆ. ಇದಕ್ಕೆ ಕಾರಣ ಆಟಗಾರ್ತಿಯರ ಕೈಯಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. 2025ರಲ್ಲಿ ಹದಿಮೂರು ತಂಡಗಳು, ತಂಡಕ್ಕೆ ಹೆಚ್ಚೆಂದರೆ ಹನ್ನೆರಡು ಜನ, ಮೇ ಮಧ್ಯದಿಂದ ಸೆಪ್ಟೆಂಬರ್ ಎರಡನೇ ವಾರದೊಳಗೆ 44 ಪಂದ್ಯ, ಅದಕ್ಕೂ ಮುನ್ನ ಸುಮಾರು ಮೂರು ವಾರದ ಶಿಬಿರ. ಶಿಬಿರಕ್ಕೆ ಬರುವವರಲ್ಲಿ ಹಲವರು ಚಳಿಗಾಲವೆಲ್ಲ ಟರ್ಕಿಯಲ್ಲೋ ಚೀನಾದಲ್ಲೋ ಬೇರೆ ಕ್ಲಬ್ಬಿಗೆ ಆಡಿ ದಣಿದು ಬಂದವರು. ಈ ಲೀಗಿನ ಹೆಸರಾಂತ ಆಟಗಾರ್ತಿ ಡಯಾನಾ ಟೌರಾಸಿ 2015ರ ಋತುವನ್ನು ಪೂರ್ತಿ ಬಿಟ್ಟರು. ಆಕೆ ಅಮೆರಿಕದಲ್ಲಿ ಆಡದೆ ವಿಶ್ರಾಂತಿ ಪಡೆಯಲೆಂದು ಆಕೆಯ ರಷ್ಯಾದ ಕ್ಲಬ್ ಹಣ ಕೊಟ್ಟಿತ್ತು. ಐವರು ಒಬ್ಬರನ್ನೊಬ್ಬರು ಅರಿತು ಆಡುವುದಕ್ಕೆ ಬೇಕಾದದ್ದು ಒಟ್ಟಿಗೆ ಕಳೆದ ದಿನಗಳು. ಅವನ್ನು ಯಾವ ಟೈಮ್‌ಔಟಿನಲ್ಲೂ ಕೊಡಲಾಗುವುದಿಲ್ಲ.

ಇದಕ್ಕೆ ಎದುರು ಸಾಕ್ಷಿ ಜಪಾನ್. ಅಲ್ಲಿಯ ಆಟಗಾರ್ತಿಯರು ಬಹುಪಾಲು ತಮ್ಮ ದೇಶದ ಕಂಪನಿ ತಂಡಗಳಲ್ಲೇ ಇರುತ್ತಾರೆ, ರಾಷ್ಟ್ರೀಯ ತಂಡಕ್ಕಾಗಿ ದೀರ್ಘಕಾಲ ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೋಚ್ ಟಾಮ್ ಹೋವಸ್ ಎತ್ತರದ ಕೊರತೆಯನ್ನು ಓಟದಿಂದ, ದೂರದ ಎಸೆತದಿಂದ ತುಂಬಿಸಿ ಆ ತಂಡವನ್ನು ಬೆಳ್ಳಿಯವರೆಗೆ ಕರೆದೊಯ್ದರು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಪುಟ್ಟ ಆಳ್ತನದ ರುಯಿ ಮಾಚಿದಾ 18 ಅಸಿಸ್ಟ್ (ನೇರವಾಗಿ ಬುಟ್ಟಿಗೆ ದಾರಿಯಾಗುವ ಪಾಸು) ಕೊಟ್ಟದ್ದು ಒಲಿಂಪಿಕ್ ದಾಖಲೆ. ಹದಿನೆಂಟು ಅಸಿಸ್ಟ್ ಎಂದರೆ ಹದಿನೆಂಟು ಸಲ ಬೇರೊಬ್ಬಳು ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಬಂದು ನಿಂತಿದ್ದಳು ಎಂದೇ ಅರ್ಥ.

ನಮ್ಮ ಹುಡುಗಿಯರಿಗೆ ಇದನ್ನೆಲ್ಲ ತೋರಿಸಬಾರದೆಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಕಳೆದ ಮಳೆಗಾಲ ಹಾಸನದಲ್ಲಿ ಒಂದು ಬಾಲಕಿಯರ ಪಂದ್ಯ ನೋಡಿದೆವು. ಸಿಮೆಂಟಿನ ಅಂಕಣದ ಮೇಲೆ ನಿಂತ ನೀರನ್ನು ಇಬ್ಬರು ಗೋಣಿಚೀಲದಿಂದ ಒರೆಸುತ್ತಿದ್ದರು. ಒಂದು ರಿಂಗಿಗೆ ಬಲೆ ಇರಲಿಲ್ಲ. ಆಲೂರು ಕಡೆಯ ತೆಳ್ಳನೆಯ ಹುಡುಗಿಯೊಬ್ಬಳು ಚೆಂಡು ತನ್ನ ಬಳಿ ಇಲ್ಲದಾಗಲೂ ಬುಟ್ಟಿಯ ಕೆಳಗಿನ ಗೆರೆಯುದ್ದಕ್ಕೂ ಆ ಕಡೆಯಿಂದ ಈ ಕಡೆಗೆ ಮೂರು ಸಲ ಓಡಿದಳು. ಮೂರನೆಯ ಸಲ ಅವಳನ್ನು ಕಾಯುತ್ತಿದ್ದವಳು ತನ್ನವರಿಗೇ ಡಿಕ್ಕಿ ಹೊಡೆದು ಬುಟ್ಟಿಯ ಕೆಳಗೆ ಆಳೆತ್ತರದ ಜಾಗ ಖಾಲಿಯಾಯಿತು. ಚೆಂಡು ಅಲ್ಲಿಗೆ ಬರಲಿಲ್ಲ. ಗೆರೆಯಾಚೆ ನಿಂತ ತರಬೇತುದಾರರು ಕೂಗಿದ್ದು: "ಸುಮ್ಮನೆ ಯಾಕೆ ಓಡ್ತೀಯೇ, ಬಾಲ್ ಹತ್ರ ಬಾ!" ಮರುಗಳಿಗೆಯಿಂದ ಆ ಹುಡುಗಿಯೂ ಉಳಿದವರ ಜೊತೆ ಚೆಂಡಿನ ಸುತ್ತ ಗುಂಪುಗೂಡಿದಳು. ಆ ತರಬೇತುದಾರರನ್ನು ದೂರುವ ಇರಾದೆ ನಮಗಿಲ್ಲ. ದಸರಾ ಕ್ರೀಡಾಕೂಟಕ್ಕೆ ಎರಡು ವಾರ ಇರುವಾಗ ಅವರ ಕೈಗೆ ತಂಡ ಬಂದಿತ್ತು, ಆ ಎರಡು ವಾರದಲ್ಲಿ ಎಸೆತ ಕಲಿಸಬಹುದೇ ಹೊರತು ಚೆಂಡಿಲ್ಲದ ಓಟವನ್ನು ಕಲಿಸಲಾಗುವುದಿಲ್ಲ. ಆದರೆ ಆ ಹುಡುಗಿಗೆ ಅದು ಹೇಗೋ ಬಂದಿತ್ತು. ಎಲ್ಲಿಂದ ಕಲಿತೆ ಎಂದು ಪಂದ್ಯದ ನಂತರ ಕೇಳಿದಾಗ "ಮೊಬೈಲಲ್ಲಿ ನೋಡಿ ಸಾರ್" ಎಂದಳು.

ದೇಶದ ಮಟ್ಟದಲ್ಲೂ ಕಥೆ ಬೇರೆಯಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಬ್ಯಾಸ್ಕೆಟ್‌ಬಾಲ್ ಏಷ್ಯಾ ಕಪ್‌ನ ಎರಡನೇ ದರ್ಜೆಯ ಫೈನಲ್‌ನಲ್ಲಿ ಭಾರತದ ವನಿತೆಯರು ಕಜಕಸ್ತಾನವನ್ನು 75-73ರಿಂದ ಮಣಿಸಿ ಮೇಲಿನ ದರ್ಜೆಗೆ ಏರಿದರು. ಎರಡು ವರ್ಷಗಳ ನಂತರ ಅದೇ ಬೆಂಗಳೂರಿನಲ್ಲಿ, ಜಪಾನ್, ಚೀನಾಗಳಿದ್ದ ಮೇಲಿನ ದರ್ಜೆಯಲ್ಲಿ, ಕೊನೆಯ ಸ್ಥಾನಕ್ಕೆ ಇಳಿದರು. ಎಸೆಯುವ ಕೈಗಳು ನಮ್ಮಲ್ಲಿ ಆಗಲೂ ಇದ್ದವು.

ಕೊನೆಗೆ, ತಮ್ಮ ಪತ್ರದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ತಿದ್ದುಪಡಿಯ ಬಗ್ಗೆ. ಮಹಿಳಾ ಲೀಗಿನಲ್ಲಿ ಒಂದು ಕ್ವಾರ್ಟರ್ 12 ನಿಮಿಷ ಎಂದು ನಮ್ಮ ಲೇಖನದಲ್ಲಿ ಅಚ್ಚಾಗಿದ್ದು ತಪ್ಪು; ಅದು 10 ನಿಮಿಷ, 12 ಪುರುಷರ ಎನ್‌ಬಿಎಯ ಲೆಕ್ಕ. ಕರಡು ತಿದ್ದುವಾಗ ನಮ್ಮ ಕಣ್ಣು ತಪ್ಪಿತು, ಕ್ಷಮೆಯಿರಲಿ.

— ಸಂ.