ಥಾಯ್ಲೆಂಡ್‌ನವರ ಹೊಸ ವರ್ಷ ಏಪ್ರಿಲ್‌ನಲ್ಲಿ ಅಲ್ವಾ? ಹಾಗಾದರೆ ಜನವರಿ 1ಕ್ಕೆ ಏನು ಮಾಡುತ್ತಾರೆ?

ಜನವರಿ 1ನ್ನೂ ಜೋರಾಗಿಯೇ ಆಚರಿಸುತ್ತಾರೆ. ಅದರ ಹಿಂದಿನ ದಿನವೂ ರಜೆ. ಬ್ಯಾಂಕಾಕ್‌ನಲ್ಲಿ ದುಡಿಯುವವರು ಊರಿನ ಬಸ್ಸು, ರೈಲು ಹಿಡಿಯುತ್ತಾರೆ. ಹಿರಿಯರಿಗೆ, ಮೇಲಧಿಕಾರಿಗಳಿಗೆ ತಿಂಡಿ ತುಂಬಿದ ಉಡುಗೊರೆ ಬುಟ್ಟಿ ಕೊಡುವುದು ರೂಢಿ.

ಟಿವಿಯಲ್ಲಿ ಜಾಸ್ತಿ ಕಾಣುವುದು ಚಾವೊ ಫ್ರಾಯಾ ನದಿ ದಂಡೆಯ ಬಾಣಬಿರುಸು. ಆದರೆ ಅದೇ ಹೊತ್ತಿಗೆ ಎಷ್ಟೋ ಜನ ಬಿಳಿ ಬಟ್ಟೆ ತೊಟ್ಟು ಬೌದ್ಧ ದೇವಾಲಯಗಳಲ್ಲಿ ಕೂತಿರುತ್ತಾರೆ. ಮಂತ್ರ ಹೇಳುತ್ತಲೇ ಹಳೆ ವರ್ಷ ದಾಟುತ್ತಾರೆ. ಬೆಳಿಗ್ಗೆ ಎದ್ದು ಭಿಕ್ಷುಗಳಿಗೆ ಅನ್ನ, ದಿನಸಿ ನೀಡುತ್ತಾರೆ. ವರ್ಷದ ಮೊದಲ ಕೆಲಸ ಪುಣ್ಯದ್ದಾಗಿದ್ದರೆ ಮುಂದಿನದೂ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ನನಗಂತೂ ಬಾಣಬಿರುಸಿಗಿಂತ ಇದೇ ನಿಜವಾದ ಥಾಯ್ ಆಚರಣೆ ಅನ್ನಿಸುತ್ತದೆ.

ಎರಡು ಹೊಸ ವರ್ಷ ಯಾಕೆ ಅಂದರೆ, ಸರ್ಕಾರ ಕ್ಯಾಲೆಂಡರ್ ಬದಲಿಸಿತು, ಜನ ಹಬ್ಬ ಬಿಡಲಿಲ್ಲ. 1889ರಲ್ಲಿ ರಾಜ ಚುಲಾಲಾಂಗ್‌ಕಾರ್ನ್ ಏಪ್ರಿಲ್ 1ನ್ನು ವರ್ಷದ ಮೊದಲ ದಿನ ಮಾಡಿದ. ಹೊರದೇಶಗಳ ಲೆಕ್ಕಕ್ಕೆ ಹೊಂದಲಿ ಎಂದು 1941ರಿಂದ ಅದು ಜನವರಿ 1ಕ್ಕೆ ಬಂತು. ಹಾಗಾಗಿ ಅದರ ಹಿಂದಿನ ವರ್ಷಕ್ಕೆ, ಅಂದರೆ ಅಲ್ಲಿ ಬಳಸುವ ಬುದ್ಧ ಶಕೆಯ 2483ಕ್ಕೆ, ಸಿಕ್ಕಿದ್ದು ಒಂಬತ್ತೇ ತಿಂಗಳು! ನೀರೆರಚುವ ಸಾಂಪ್ರದಾಯಿಕ ಹೊಸ ವರ್ಷದ ಹಬ್ಬ ಸೊಂಗ್‌ಕ್ರಾನ್ ಮಾತ್ರ ಏಪ್ರಿಲ್ 13ರಿಂದ 15ರವರೆಗೆ, ನಮ್ಮ ತುಳುನಾಡಿನ ಬಿಸು ಬರುವ ಸಮಯದಲ್ಲೇ ಉಳಿದುಕೊಂಡಿತು. ವರ್ಷದ ಎಣಿಕೆಯೂ ಬದಲಾಗಲಿಲ್ಲ. ನಮ್ಮ 2026 ಅವರಿಗೆ 2569.