ನನ್ನನ್ನು ಬರೆದವರು ಸಿಕ್ಕರೆ ಪ್ರೂಫ್ ವಾಪಸ್ ಕೊಡಬೇಕು

ನೀವು ಕೇಳಿದ್ದು ಇದು: ‘ನೀವೊಂದು ಕಾದಂಬರಿಯ ಪಾತ್ರ ಅಂದುಕೊಳ್ಳಿ. ನಿಮ್ಮನ್ನು ಬರೆದವರು ಚೆನ್ನಾಗಿ ಬರೆದಿದ್ದಾರಾ? ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ?’

ಆರು. ಜಾಸ್ತಿ ಕೇಳಬೇಡಿ.

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ತಿಥಿ ಕಾರ್ಡು ಎಲ್ಲ ಮಾಡುತ್ತೇನೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಇಪ್ಪತ್ತು ವರ್ಷದಿಂದ ಹೊಟ್ಟೆಪಾಡು. ನಿಮ್ಮ ಪ್ರಶ್ನೆ ನೋಡಿದ ಮೇಲೆ ನನ್ನನ್ನೇ ಒಂದು ಪ್ರೂಫ್ ಅಂದುಕೊಂಡು ಕೆಂಪು ಪೆನ್ನು ಹಿಡಿದು ಕೂತೆ.

ಊರಿನ ವಿಷಯದಲ್ಲಿ ತಪ್ಪು ಸಿಗಲಿಲ್ಲ. ಹೊರಗಿನವರು ಬರೆದಿದ್ದರೆ ಮೊದಲ ಪುಟದಲ್ಲೇ ಬೆಣ್ಣೆ ದೋಸೆ ಬಂದಿರುತ್ತಿತ್ತು, ಕಟ್ಟಿಗೆ ಒಲೆ, ಹೊಗೆ, ಬಿಳಿ ಆಲೂಗಡ್ಡೆ ಪಲ್ಯದ ಸಮೇತ. ನಾನು ಬೆಣ್ಣೆ ದೋಸೆ ತಿನ್ನುವುದು ಬೆಂಗಳೂರಿನಿಂದ ನೆಂಟರು ಬಂದಾಗ ಮಾತ್ರ. ಉಳಿದ ದಿನ ಸಂಜೆ ಆಯ್ತು ಅಂದರೆ ಮಂಡಕ್ಕಿ, ಮೆಣಸಿನಕಾಯಿ. ನನ್ನ ಕೀಬೋರ್ಡ್ ಬೋರಲು ಹಾಕಿ ತಟ್ಟಿದರೆ ನಾಲ್ಕು ಮಂಡಕ್ಕಿ ಕಾಳು ಉದುರುತ್ತವೆ. ಬರೆದವರು ನಮ್ಮೂರಿನವರೇ ಇರಬೇಕು.

ಕಥೆಯ ತಿರುವು ಮಾತ್ರ ಸಪ್ಪೆ. ಹುಬ್ಬಳ್ಳಿಯಲ್ಲಿ ಒಂದು ಕೆಲಸಕ್ಕೆ ಸಂದರ್ಶನವಿತ್ತು. ಅವತ್ತು ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಹಾಕಿದ್ದರು. ಒಂದು ಗೂಡ್ಸ್ ಹೋಯಿತು, ಗೇಟು ತೆಗೆಯಲಿಲ್ಲ, ಎದುರಿನಿಂದ ಇನ್ನೊಂದು ಬಂತು. ಬಸ್ ತಪ್ಪಿತು, ಕೆಲಸವೂ ತಪ್ಪಿತು, ಇಲ್ಲೇ ಉಳಿದೆ. ಇಡೀ ಜೀವನ ಒಂದು ಗೇಟಿನ ಮೇಲೆ ನಿಲ್ಲೋದಾ? ಬೇರೆ ಊರಿನ ಓದುಗರು ನಂಬಲ್ಲ. ದಾವಣಗೆರೆಯವರು ಮಾತ್ರ ‘ಹೌದ್ರೀ, ಆಗಿರುತ್ತೆ’ ಅಂತಾರೆ.

ಸಂಭಾಷಣೆ ಇನ್ನೂ ಸಪ್ಪೆ. ನನಗಿರುವುದು ಎರಡೇ ಡೈಲಾಗು: ‘ನಾಳೆ ಸಂಜೆ ಬರ್ರಿ, ಕೊಡ್ತೀನಿ.’ ‘ಇನ್ನೊಂದ್ಸಲ ಪ್ರೂಫ್ ನೋಡಿ ಸೈನ್ ಹಾಕ್ರಿ, ಆಮೇಲೆ ನನ್ ಮೇಲೆ ಹೇಳ್ಬ್ಯಾಡ್ರಿ.’

ನಾನು ಮಾರ್ಕ್ಸ್ ಕಡಿಮೆ ಮಾಡಿದ್ದು ಇದಕ್ಕೆಲ್ಲ ಅಲ್ಲ. ಕಾರಣಗಳನ್ನು ಮುಚ್ಚಿಟ್ಟಿದ್ದಕ್ಕೆ.

ಪಾತ್ರ ಹೇಗಿರಬೇಕು ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ದುರ್ಗದ ಓಬವ್ವ. ಅದರಲ್ಲಿ ಚರಿತ್ರೆ ಎಷ್ಟು, ಕಥೆ ಎಷ್ಟು ಅನ್ನುವ ಜಗಳ ಈಗ ಬೇಡ. ಸುಮ್ನೆ ಕಥೆಯ ಕಟ್ಟಡ ನೋಡಿ. ಕೋಟೆಯ ಕಾವಲುಗಾರ ಮುದ್ದಹನುಮ ಊಟಕ್ಕೆ ಮನೆಗೆ ಬರುತ್ತಾನೆ. ಅವನಿಗೆ ಕುಡಿಯಲು ನೀರಿಲ್ಲ. ಓಬವ್ವ ನೀರು ತರಲು ಹೋಗುತ್ತಾಳೆ, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಾಣುತ್ತದೆ. ಕೈಗೆ ಸಿಗುವುದು ಭತ್ತ ಕುಟ್ಟುವ ಒನಕೆ. ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ತೂರಬೇಕು, ಅದಕ್ಕೇ ಒಬ್ಬಳು ಹೆಂಗಸಿಗೆ ಒಂದು ಒನಕೆ ಸಾಕಾಯಿತು. ಎಲ್ಲೂ ಹೊಲಿಗೆ ಬಿಟ್ಟಿಲ್ಲ. ಅಷ್ಟೆಲ್ಲ ಶುರುವಾಗಿದ್ದು ಊಟಕ್ಕೆ ಕೂತವನ ಒಂದು ಚೊಂಬು ನೀರಿನಿಂದ! ಈಗಲೂ ಕೋಟೆ ನೋಡಲು ಹೋದವರು ಆ ಕಿಂಡಿಯೊಳಗೆ ಬಗ್ಗಿ, ತಲೆ ತಾಗಿಸಿಕೊಂಡು, ‘ಹೌದಲ್ವಾ, ಆಗುತ್ತೆ’ ಅಂದುಕೊಂಡೇ ಬರುತ್ತಾರೆ.

ಈಗ ನನ್ನ ಕಥೆ. ಒಂದು ಲಗ್ನಪತ್ರಿಕೆಯಲ್ಲಿ ತಾರೀಕು ಸರಿ ಇತ್ತು, ವಾರ ತಪ್ಪಿತ್ತು. ಭಾನುವಾರ ಅಂತ ಇರಬೇಕಾದ ಕಡೆ ಸೋಮವಾರ. ಟೈಪ್ ಮಾಡಿದ್ದು ನಾನೇ. ಆದರೆ ಹುಡುಗಿಯ ತಂದೆ ಪ್ರೂಫ್ ನೋಡಿ ಸೈನ್ ಹಾಕಿದ್ದರು, ಆ ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು. ನಾನು ಹಾಳೆ ತೆಗೆಯಲಿಲ್ಲ. 500 ಕಾರ್ಡು ನನ್ನ ಖರ್ಚಿನಲ್ಲಿ ಮತ್ತೆ ಹಾಕಿಸಿದೆ. ಮಂಡಕ್ಕಿ ಅಂಗಡಿಯಲ್ಲಿ ಎರಡು ರೂಪಾಯಿಗೆ ಚೌಕಾಸಿ ಮಾಡುವವನು ಇವನು! ಓದುವವರು ‘ಪಾತ್ರ ಕೆಟ್ಟಿತು’ ಅಂತ ಪುಟ ಮುಚ್ಚುತ್ತಾರೆ.

ಕಾರಣ ಇತ್ತು. ಅವರು ಬೈಯಲಿಲ್ಲ, ಅಷ್ಟೇ. ಕಾರ್ಡಿನ ಕಟ್ಟು ಟೇಬಲ್ ಮೇಲಿಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ‘ನಾನೂ ಸರಿಯಾಗಿ ನೋಡ್ಲಿಲ್ಲಪ್ಪ’ ಅಂದರು. ಒಂದು ಮಾತು ಬೈದಿದ್ದರೂ ಡ್ರಾಯರ್ ಎಳೆದು ಸೈನ್ ತೋರಿಸುತ್ತಿದ್ದೆ. ಇಂಥದ್ದನ್ನು ಬರೆಯದೆ ‘ಅವನು ಒಳ್ಳೆಯವನು’ ಅಂತ ಒಂದು ಸಾಲು ಗೀಚಿ ಮುಂದೆ ಹೋದರೆ ನಾಲ್ಕು ಮಾರ್ಕ್ಸ್ ಕಟ್.

ನನಗಿಂತ ಚೆನ್ನಾಗಿ ಬರೆದಿರುವುದು ನಮ್ಮವ್ವನನ್ನು. ಅವಳ ತವರು ಹಿರಿಯೂರು ಕಡೆ. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿದ್ದನ್ನು ಅವಳ ಅಪ್ಪ ಹುಡುಗನಾಗಿದ್ದಾಗ ನೋಡಿದ್ದನಂತೆ. ಆ ಕಥೆ ನಾವೆಲ್ಲ ಸಾವಿರ ಸಲ ಕೇಳಿದ್ದೇವೆ. ಆಮೇಲೆ ಅದು ತುಂಬಿ ಹರಿದಿದ್ದು 89 ವರ್ಷದ ನಂತರ, 2022ರಲ್ಲಿ. ಅಷ್ಟು ವರ್ಷ ಬರಿ ಬಂಡೆ, ಜಾಲಿ ನೋಡಿದ್ದ ನಾವು ಅಜ್ಜನ ಮಾತಿಗೆ ಒಳಗೊಳಗೇ ನಗುತ್ತಿದ್ದೆವು.

ಸುದ್ದಿ ಬಂದ ಮೇಲೆ ಒಂದು ದಿನ ಅಂಗಡಿ ಬಾಗಿಲು ಹಾಕಿ ಅವಳನ್ನು ಕರೆದುಕೊಂಡು ಹೋದೆ. ಜಾತ್ರೆಯಂಥ ಜನ. ಎಂಥ ಬರಹಗಾರನಾದರೂ ಇಲ್ಲಿ ಅವ್ವನನ್ನು ಅಳಿಸುತ್ತಿದ್ದ, ನೀರಿಗೆ ಕೈ ಮುಗಿಸುತ್ತಿದ್ದ. ಇವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲಿ ಬೇಯಿಸಿದ ಶೇಂಗಾ ಮಾರುತ್ತಿದ್ದವನ ಹತ್ತಿರ ಹೋಗಿ ರೇಟು ಕೇಳಿ, ಜಗಳ ಮಾಡಿ ಕಡಿಮೆ ಮಾಡಿಸಿದಳು. ನನ್ನ ಎರಡು ರೂಪಾಯಿ ಚೌಕಾಸಿ ಎಲ್ಲಿಂದ ಬಂತು ಅಂತ ಓದುಗರಿಗೆ ಗೊತ್ತಾಗುವುದೇ ಇಲ್ಲಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ಐಮಂಗಲ ದಾಟಿದ ಮೇಲೆ, ಯಾರಿಗೋ ಹೇಳುವ ಹಾಗೆ, ‘ಅಪ್ಪ ಸುಳ್ಳು ಹೇಳಿರ್ಲಿಲ್ಲ’ ಅಂದಳು.

ಅಲ್ಲಿ ನನಗೆ ಡೈಲಾಗೇ ಇಲ್ಲ. ಸುಮ್ನೆ ಸಿಪ್ಪೆ ಹಿಡಿಯಲು ಕೈ ಚಾಚಿದೆ. ಅದು ಸರಿಯಾಗಿದೆ, ಅದಕ್ಕೆ ಕೆಂಪು ಪೆನ್ನು ಮುಟ್ಟಿಸಲಿಲ್ಲ. ಏಳು ಮಾಡಿಕೊಳ್ಳಿ.