ಸೇನೆಯ ಡಿಸೆಬಿಲಿಟಿ ಪೆನ್ಷನ್ ತಿರಸ್ಕೃತವಾಗಿದೆ, ಈಗ ಏನು ಮಾಡಬೇಕು?

ನಿಮ್ಮ ತಂದೆಯವರು 2022ರಲ್ಲಿ ಬೆಂಗಳೂರಿನ ಎಂಇಜಿಯಿಂದ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ನಿವೃತ್ತರಾದರು, ಬಿಪಿಗೆ ಮೆಡಿಕಲ್ ಬೋರ್ಡ್ 30% ಡಿಸೆಬಿಲಿಟಿ ಕೊಟ್ಟಿದೆ, ಆದರೂ ‘ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ’ ಅಂತ ಪೆನ್ಷನ್ ನಿರಾಕರಿಸಿದ್ದಾರೆ, ಮೇಲ್ಮನವಿಯ ಆರು ತಿಂಗಳೂ ಮುಗಿದಿದೆ ಎಂದಿದ್ದೀರಿ. ದಾರಿ ಖಂಡಿತ ಇದೆ. ಪೆನ್ಷನ್‌ಗೆ ಕನಿಷ್ಠ 20% ಬೇಕು, ಅದು ಅವರಿಗಿದೆ. ಹಾಗಾಗಿ ಪರ್ಸೆಂಟೇಜ್ ಬಗ್ಗೆ ವಾದ ಬೇಡ. ಬೋರ್ಡ್ ಕೊಟ್ಟ ಕಾರಣವನ್ನು ಹಿಡಿಯಿರಿ.

ಅದಕ್ಕೆ ಮೊದಲು ಎಎಫ್‌ಎಂಎಸ್‌ಎಫ್-16, ಅಂದರೆ ನಿವೃತ್ತಿ ವೇಳೆಯ ಬೋರ್ಡ್ ವರದಿ, ಕೈಗೆ ಬರಬೇಕು. ಇಲ್ಲದಿದ್ದರೆ ಎಂಇಜಿಯ ರೆಕಾರ್ಡ್ಸ್ ಆಫೀಸಿಗೆ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ) ₹10 ಶುಲ್ಕದ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ವೈದ್ಯಕೀಯ ದಾಖಲೆಯಾದ್ದರಿಂದ ಅರ್ಜಿ ತಂದೆಯವರ ಹೆಸರಲ್ಲೇ, ಅವರ ಸಹಿಯಲ್ಲೇ ಇರಲಿ. ಸೇನೆಗೆ ಸೇರುವಾಗಿನ ಮೆಡಿಕಲ್ ವರದಿಯನ್ನೂ ಅದರಲ್ಲೇ ಕೇಳಿ.

ವರದಿಯಲ್ಲಿ ಪೋಸ್ಟಿಂಗ್‌ಗಳ ಪಟ್ಟಿ ಇರುತ್ತದೆ, ಪ್ರತಿ ಜಾಗದ ಮುಂದೆ ಪೀಸ್ (ಶಾಂತ ಪ್ರದೇಶ) ಅಥವಾ ಫೀಲ್ಡ್ (ಕಾರ್ಯಾಚರಣೆಯ ಪ್ರದೇಶ) ಅಂತ ಗುರುತಿರುತ್ತದೆ. ಬಹಳಷ್ಟು ಕೇಸು ಕೆಡುವುದು ಇಲ್ಲೇ. ಬಿಪಿ ಮೊದಲು ಪತ್ತೆಯಾದದ್ದು ಪೀಸ್ ಸ್ಟೇಷನ್‌ನಲ್ಲಿ ಅನ್ನುವ ಒಂದೇ ಕಾರಣಕ್ಕೆ ಬೋರ್ಡ್ ಕೈತೊಳೆದುಕೊಳ್ಳುತ್ತದೆ. ಆದರೆ ಸೇನಾ ವೈದ್ಯರ 2008ರ ಮಾರ್ಗದರ್ಶಿಯ 43ನೇ ಪ್ಯಾರಾ ಪ್ರಕಾರ ಫೀಲ್ಡ್ ಅಥವಾ ಅತಿ ಎತ್ತರದ ಪ್ರದೇಶದ ಸೇವೆಯಲ್ಲಿ ಶುರುವಾದ ಬಿಪಿಯನ್ನು ಸೇವೆಯಿಂದ ಹೆಚ್ಚಾದದ್ದೆಂದೇ ಪರಿಗಣಿಸಬೇಕು. ಪತ್ತೆಯಾದ ತಾರೀಖು, ಅದಕ್ಕೆ ಮುಂಚಿನ ಫೀಲ್ಡ್ ಪೋಸ್ಟಿಂಗ್‌ನ ತಾರೀಖು ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿ. ಅಲ್ಲೇ ಬಿಪಿ ಏರಿದ್ದಕ್ಕೆ ಯೂನಿಟ್ ಡಾಕ್ಟರ ಚೀಟಿ ಸಿಕ್ಕರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಜೊತೆಗೆ ಸುಪ್ರೀಂ ಕೋರ್ಟಿನ ಧರ್ಮವೀರ್ ಸಿಂಗ್ ತೀರ್ಪು (2013) ಉಲ್ಲೇಖಿಸಿ. ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು. ಸೇವೆಗೆ ಸಂಬಂಧವಿಲ್ಲ ಅಂತ ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಬೋರ್ಡ್ ಕಾರಣ ಬರೆಯಲೇಬೇಕು. 2023ರ ಸೆಪ್ಟೆಂಬರ್ 21ರಿಂದ ಡಿಸೆಬಿಲಿಟಿ ಪೆನ್ಷನ್ ಅರ್ಹತೆಗೆ ಹೊಸ ನಿಯಮ ಬಂದಿದೆ. ನಿಮ್ಮ ತಂದೆಯವರು ಅದಕ್ಕೂ ಮೊದಲೇ ನಿವೃತ್ತರಾದ್ದರಿಂದ ಹಳೆಯ 2008ರ ಅರ್ಹತಾ ನಿಯಮವನ್ನೇ ಹಿಡಿದು ಬರೆಯಿರಿ.

ಮೊದಲ ಮೇಲ್ಮನವಿ ಎಸಿಎಫ್‌ಎಗೆ (ಮೊದಲ ಮೇಲ್ಮನವಿಗಳನ್ನು ನೋಡುವ ಸಮಿತಿ), ರೆಕಾರ್ಡ್ಸ್ ಆಫೀಸಿನ ಮೂಲಕ. ತಡವಾದ ಕಾರಣ ವಿವರಿಸಿ ಮನ್ನಿಸುವಂತೆ ಪ್ರತ್ಯೇಕ ಪತ್ರ ಲಗತ್ತಿಸಿ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ಆರು ತಿಂಗಳೊಳಗೆ ಎಸ್‌ಎಸಿಪಿಗೆ (ಪೆನ್ಷನ್‌ನ ಎರಡನೇ ಮೇಲ್ಮನವಿ ಸಮಿತಿ) ಎರಡನೆಯದು. ಆಮೇಲೆ ಸೇನಾ ನ್ಯಾಯಮಂಡಳಿ. ಕರ್ನಾಟಕಕ್ಕೆ ಕೊಚ್ಚಿ ಪೀಠ. ಮನವಿ ಕೊಟ್ಟು ಆರು ತಿಂಗಳಾದರೂ ಆದೇಶ ಬರದಿದ್ದರೆ ನೇರವಾಗಿ ಅಲ್ಲಿಗೆ ಹೋಗಬಹುದು, ಆಗ ಕೆಲಸಕ್ಕೆ ಬರುವುದು ಆ ರಸೀದಿ.

ಮನವಿಯಲ್ಲಿ 30% ಅನ್ನು 50%ಗೆ ಏರಿಸಿ ಲೆಕ್ಕ ಹಾಕಬೇಕೆಂದು ಕೇಳಲು ಮರೆಯಬೇಡಿ. ರಾಮ್ ಅವತಾರ್ ತೀರ್ಪು (2014) ಇದನ್ನು ಅವಧಿ ಮುಗಿಸಿ ನಿವೃತ್ತರಾದವರಿಗೂ ಒಪ್ಪಿದೆ. ಕೊನೆಯ ವೇತನ ₹60,000 ಇದ್ದರೆ ಪೂರ್ತಿ 100% ಡಿಸೆಬಿಲಿಟಿಗೆ ತಿಂಗಳಿಗೆ ಸಿಗುವುದು ಅದರ ಶೇ. 30, ಅಂದರೆ ₹18,000. ಹಾಗಾಗಿ 30%ಗೆ ₹5,400, 50%ಗೆ ₹9,000. ಇನ್ನು ತಡಮಾಡಬೇಡಿ: ತಡವಾಗಿ ಕೇಸು ಹಾಕಿದವರಿಗೆ ಬಾಕಿ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕಷ್ಟೇ ಸಿಗುತ್ತದೆ.

ಅರ್ಜಿ ಬರೆಯಲು ನೆರವು ಬೇಕಿದ್ದರೆ ಫೀಲ್ಡ್ ಮಾರ್ಷಲ್ ಕಾರಿಯಪ್ಪ ರಸ್ತೆಯ ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿ ಆದೇಶ), ತಿರಸ್ಕಾರದ ಪತ್ರದ ಪ್ರತಿಗಳು ಜೊತೆಗಿರಲಿ.